ಹೊತ್ತು ಮುಳುಗುವ ಮುಂಚಿನ ಎಂಗೇಜ್‌ಮೆಂಟ್

“ನಿಮ್ಮ ಸಂಜಿ ಪಾಠದಾಗ ಹುಡುಗರ ಲಕ್ಷ್ಯನ ಇಲ್ಲರಿ, ಮೇಡಂ.”

ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ ಅಂದುಬಿಟ್ಟ ಸಮ್ಮೇದ! ಕಾಗವಾಡದ ಆ ಕಾಲೇಜಿಗೆ ಹೊಸಬ. ಹಗಲಿನ ತರಗತಿಯಲ್ಲಿ, ಸಂಜೆಯ ಆನ್‌ಲೈನ್ ಪಾಠದಲ್ಲಿ ಮಕ್ಕಳು ಎಷ್ಟು ತೊಡಗುತ್ತಾರೆ, ಅಂದರೆ ಅವರ ‘ಎಂಗೇಜ್‌ಮೆಂಟ್’ ಎಷ್ಟು ಎಂದು ಅಳೆಯುವುದು, ಪಾಠದ ವೇಳೆ ಗೊತ್ತುಮಾಡುವುದು ಅವನ ಕೆಲಸ.

ಪ್ರಾಜಕ್ತಾಳ ಮುಖ ಕೆಂಪಾಯಿತು. “ಹಗಲಿ ಕ್ಲಾಸಿನ್ಯಾಗ ಪ್ರಶ್ನಾ ಕೇಳಿ ಕೇಳಿ ನನ್ನ ಬಿಡಂಗಿಲ್ಲರಿ ಅವರು!”

“ಸಂಜಿ ಆರಕ್ಕ ಅರ್ಧ ಮಂದಿ ಕ್ಯಾಮೆರಾ ಬಂದ್ ಮಾಡ್ತಾರ. ಹಿಂಗಾದ್ರ ಆ ಪಾಠ ಬ್ಯಾರೇದವರಿಗೆ ಕೊಡಬೇಕಾಕ್ಕೈತಿ.”

ಆ ಪಾಠಕ್ಕಾಗಿ ತಾನು ಏನು ಬಿಟ್ಟಿದ್ದಾಳೆಂದು ಅವನಿಗೇನು ಗೊತ್ತು? ಹೇಳಲು ಅಭಿಮಾನ ಅಡ್ಡಬಂತು.

‘ಕಣ್ಣ ಎಷ್ಟ ಚಂದ ಅದಾವು... ಮಾತ ಮಾತ್ರ ಹಾಗಲಕಾಯಿ!’ ಎಂದು ಮನಸ್ಸಿನಲ್ಲೇ ಬೈದಳು. ಬೈದದ್ದು ಸರಿ, ನಡುವೆ ಕಣ್ಣಿನ ಸುದ್ದಿ ಯಾಕೆ ಬಂತೋ!

ಸಮ್ಮೇದನಿಗೂ ಸಮಾಧಾನವಿರಲಿಲ್ಲ. ಹಗಲು ಅವಳ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತರೆ ಸ್ವತಃ ಅವನ ಲಕ್ಷ್ಯವೇ ಅತ್ತಿತ್ತ ಸರಿಯುತ್ತಿರಲಿಲ್ಲ. ಹಾಗಿದ್ದರೆ ಸಂಜೆ ಏನಾಗುತ್ತದೆ? ಕಣ್ಣಾರೆ ನೋಡೋಣವೆಂದು ಮರುದಿನ ಶಿರಗುಪ್ಪಿಗೆ, ಅವಳ ಮನೆಗೇ ಬಂದ. ಬಾಗಿಲಲ್ಲಿ ಅವಳ ತಾಯಿ ಸೋನಾಬಾಯಿ.

“ಕಾಕು, ನಾ ಕಾಲೇಜಿನಾಂವರಿ. ಎಂಗೇಜ್‌ಮೆಂಟ್ ನೋಡಾಕ ಬಂದೀನ್ರಿ.”

“ಅಯ್ಯ! ನಮ್ಮ ಪ್ರಾಜೂಂದಾ? ನನಗ ಒಂದ ಮಾತ ಹೇಳಿಲ್ಲಲ್ಲ ಹುಡುಗಿ!”

“ಅಲ್ಲರಿ... ಕಾಲೇಜ್ ಹುಡುಗರದು!”

“ಹುಡುಗರದಾ? ಎಷ್ಟ ಮಂದೀದಪಾ?!”

ಒಳಗೆ ಪಾಠ ಮಾಡುತ್ತಿದ್ದ ಪ್ರಾಜಕ್ತಾ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

“ಏನರ ಇರಲಿ, ಒಳಗ ಬಾ. ಹೊತ್ತ ಮುಳಗಾಕತ್ತೈತಿ, ಎರಡ ತುತ್ತ ಉಣ್ಣು. ಆಮ್ಯಾಲ ನಮ್ಮಲ್ಲಿ ಉಣ್ಣಂಗಿಲ್ಲ, ಜೈನರ ಮನಿ. ನನ್ನ ಮಗಳಂತೂ ಕಾಲೇಜಿನಿಂದ ಬಂದ ಕೂಡ್ಲೆ ಈ ಆರರ ಪಾಠಕ್ಕ ಕುಂತ ದಿನಾ ಉಪಾಸ ಮಲಗತಾಳ.”

ಸಮ್ಮೇದ ನಿಂತಲ್ಲೇ ನಿಂತ. ಅವನೂ ಭೋಜ ಊರಿನ ಜೈನರ ಮನೆಯ ಮಗನೇ! ಹಾಸ್ಟೆಲ್ ಊಟದಲ್ಲಿ ಬೆಳೆದು ಮನೆಯ ಊಟದ ಹೊತ್ತನ್ನೇ ಮರೆತಿದ್ದ. ಕ್ಯಾಮೆರಾ ಬಂದ್ ಮಾಡುವ ಆ ಅರ್ಧ ಮಕ್ಕಳೂ ಜೈನರ ಮನೆಯವರೇ, ಅವರು ಮಾಯವಾಗಿದ್ದು ಊಟದ ತಾಟಿನ ಮುಂದೆ. ಆರು ಗಂಟೆ ಎಂದು ಗೊತ್ತುಮಾಡಿದವನು ತಾನೇ...

ಬಾಗಿಲ ಸಂದಿಯಿಂದ ಪಾಠ ಮಾಡುತ್ತಿದ್ದ ಪ್ರಾಜಕ್ತಾ ಅವನಿಗೆ ಕಂಡಳು. ಖಾಲಿ ಹೊಟ್ಟೆ, ಆದರೂ ದನಿಯಲ್ಲಿ ಅದೆಂಥ ಉತ್ಸಾಹ! ಅವನ ಕಣ್ಣು ತುಂಬಿತು.

ಮರುದಿನ ಅದೇ ಸ್ಟಾಫ್ ರೂಮಿನಲ್ಲಿ, ಎಲ್ಲರೆದುರೇ ಅಂದ: “ತಪ್ಪ ಮೇಡಂದಲ್ಲ, ಹುಡುಗರದೂ ಅಲ್ಲ. ನಂದು. ಇನ್ನ ಮ್ಯಾಲ ಪಾಠ ಏಳಕ್ಕ. ಹೇಳಿಕೊಡೂದು ಪ್ರಾಜಕ್ತಾ ಮೇಡಮ್ಮನ!”

ಅವಳ ಸಿಟ್ಟು ಅಲ್ಲೇ ಕರಗಿತು. ಆದರೆ ಅಷ್ಟು ಬೇಗ ತೋರಿಸಿಕೊಳ್ಳುತ್ತಾಳೆಯೇ?

ಮುಂದಿನ ವಾರ ಸೋನಾಬಾಯಿಯೇ ಅವನನ್ನು ಊಟಕ್ಕೆ ಕರೆದಳು. ಬಿಸಿಲು ಇನ್ನೂ ಅಂಗಳದಲ್ಲಿತ್ತು.

ರೊಟ್ಟಿ ಬಡಿಸುತ್ತ ಪ್ರಾಜಕ್ತಾ ಕೇಳಿದಳು, “ಈಗ ಲಕ್ಷ್ಯ ಹೆಂಗೈತ್ರಿ?”

“ಹುಡುಗರದು ಛಲೋ ಐತಿ. ನಂದ ಕೆಟ್ಟೈತಿ...” ಅವನು ತಲೆಯೆತ್ತಿದ. “ಪ್ರಾಜಕ್ತಾ, ಜೀವ ಇರೂತನಾ ಹೊತ್ತ ಮುಳುಗೂದ್ರಾಗ ನಿನ್ನ ಜೋಡಿ ಕುಂತ ಉಣಬೇಕ ಅನಸ್ತೈತಿ.”

ಕೈಯಲ್ಲಿದ್ದ ರೊಟ್ಟಿಯನ್ನು ಅವಳು ಅವನ ತಾಟಿಗೆ ಹಾಕಿದಳು. ಆಮೇಲೆ ತನ್ನ ತಾಟನ್ನೂ ತಂದು ಅವನ ಪಕ್ಕದಲ್ಲಿ ಕುಳಿತಳು.

“ಹಂಗಾದ್ರ ಅವ್ವಗ ಹೇಳ್ರಿ.”

“ಏನಂತ?”

“ಎಂಗೇಜ್‌ಮೆಂಟ್ ನೋಡಾಕ ಬಂದೀನಿ ಅಂತ... ಈ ಸಲ ಹುಡುಗರದಲ್ಲ ಅಂತ!”