ಬಿಸಿಲಿಗೆ ಬಂದವಳು

“ನೀವೇ ದಿನಾ ರಕ್ತ ತೆಗದ್ರ ಪ್ಲೇಟ್‌ಲೆಟ್ ಹ್ಯಾಂಗ ಉಳೀತಾವ್ರಿ? ನಾ ಕೊಡಂಗಿಲ್ಲ.”

ಬೀದರಿನ ಕೋವಿಡ್ ವಾರ್ಡಿನಲ್ಲಿ ಮಾಸ್ಕ್ ತೊಟ್ಟ ಶರ್ವರಿ ತೋಳನ್ನು ಹೊದಿಕೆಯೊಳಗೆ ಬಚ್ಚಿಟ್ಟುಕೊಂಡಳು. ಭಾಲ್ಕಿಯ ಡಾಕ್ಟರ್ ಅವಿನಾಶನಿಗೆ ನಗು ಬಂತು. ಅವನ ಮಾಸ್ಕಿನ ಮೇಲೂ ಕಂಡದ್ದು ಕಣ್ಣಷ್ಟೇ, ನಕ್ಕದ್ದೂ ಅವೇ.

“ಇಷ್ಟ ತೆಗದ್ರ ಕಡಿಮಿ ಆಗಂಗಿಲ್ರಿ. ವಿಟಮಿನ್ ಡಿಗೂ ಪ್ಲೇಟ್‌ಲೆಟ್‌ಗೂ ಏನರ ಸಂಬಂಧ ಐತೇನು ಅಂತ ನೋಡಾಕತ್ತೇನಿ. ನಿಮ್ಮ ಔಷಧಕ್ಕಲ್ಲ, ನನ್ನ ಸ್ಟಡಿಗಿ. ಬ್ಯಾಡಂದ್ರ ಬಿಡ್ತೇನಿ.”

ಬಿಡುತ್ತೇನೆ ಎಂದದ್ದಕ್ಕೇ ಅವಳು ತೋಳು ಚಾಚಿದಳು.

ರಿಪೋರ್ಟ್ ಹಿಡಿದು ಬಂದಾಗ ಅವನು ಹುಬ್ಬೇರಿಸಿದ. “ವಿಟಮಿನ್ ಡಿ ತಳಾ ಮುಟ್ಟೇದ್ರಿ. ನಿಮ್ಮೂರು ಔರಾದದಾಗ ಬಿಸಿಲಿಲ್ಲೇನು?”

“ಐತ್ರಿ. ನನಗಿಲ್ಲ.”

ಕಪ್ಪಗಿದ್ದಾಳೆಂದು ಎರಡು ಗಂಡಿನ ಕಡೆಯವರು ಬೇಡವೆಂದ ಮೇಲೆ ತಾಯಿ ಜಾನಕಿಬಾಯಿ ಅವಳ ಶಾಲೆಯ ಕೆಲಸ ಬಿಡಿಸಿ, ಹಗಲು ಹೊಸ್ತಿಲು ದಾಟದಂತೆ ಮಾಡಿದ್ದಳು.

“ಅದಕ್ಕ ಪ್ಲೇಟ್‌ಲೆಟ್ ಇಳದಾವೇನ್ರಿ?”

“ಗೊತ್ತಿಲ್ರಿ. ಗೊತ್ತಾಗೋತನಾ ಸುಳ್ಳ ಹೇಳಂಗಿಲ್ಲ.”

ಅವಳ ಬಗ್ಗೆ ಎಲ್ಲರೂ ಎಲ್ಲವನ್ನೂ ಬಲ್ಲವರಂತೆ ಮಾತಾಡುತ್ತಿದ್ದರು. ಗೊತ್ತಿಲ್ಲ ಎಂದವನು ಇವನೊಬ್ಬನೇ. ಆ ದಿನ ಉಸಿರಾಟ ಕಷ್ಟವಿದ್ದರೂ ಶರ್ವರಿ ಅವನ ಹೆಜ್ಜೆಯ ಸದ್ದಿಗೆ ಕಿವಿಗೊಟ್ಟು ಮಲಗಿದಳು.

ಗುಣವಾಗಿ ಊರಿಗೆ ಹೋದವಳು ತಾಯಿಯ ಬೈಗುಳ ಲೆಕ್ಕಿಸದೆ ದಿನಾ ಮಾಳಿಗೆ ಹತ್ತಿದಳು. ಬೆಳಗಿನ ಬಿಸಿಲಲ್ಲಿ ಕೂದಲು ಹರವಿಕೊಂಡು ಕೂತಳು. ಮತ್ತೆ ಶಾಲೆಗೂ ಹೋದಳು.

ಕೊನೆಯ ಸ್ಯಾಂಪಲ್ ಕೊಡಲು ಬೀದರಿಗೆ ಬಂದಾಗ ಅವಳ ಮುಖದ ಮೇಲೆ ಮಾಸ್ಕ್ ಇರಲಿಲ್ಲ. ಅವಿನಾಶ ಸೂಜಿ ಹಿಡಿದೇ ನಿಂತುಬಿಟ್ಟ.

“ಏನ್ ನೋಡ್ತೀರಿ?”

“ಇಷ್ಟ ದಿನಾ ಬರೇ ಕಣ್ಣ ನೋಡಿದ್ದೆ.” ತಡವರಿಸಿದ. “ಹೋದ ರಿಪೋರ್ಟಿನಾಗನ ಪ್ಲೇಟ್‌ಲೆಟ್ ಸರಿಯಾಗ್ಯಾವ್ರಿ. ಇನ್ನ ನೀವು ನನ್ನ ಪೇಷಂಟ್ ಅಲ್ಲ.”

“ಮತ್ತೇನು?”

ಅವನು ಕೆಂಪಾದ. ಅವಳೇ ಹೇಳಿದಳು: “ಐತವಾರ ಲಾತೂರಿನವರು ನನ್ನ ನೋಡಾಕ ಬರ್ತಾರ. ಹೇಳೂದೇನರ ಇದ್ರ ಅದರೊಳಗ ಹೇಳ್ರಿ.”

ಭಾನುವಾರ ಗಂಡಿನ ಸೋದರತ್ತೆ ಶರ್ವರಿಯ ಗಲ್ಲ ಹಿಡಿದು ತಿರುಗಿಸಿ, “ಫೋಟೋದಾಗ ಬೆಳ್ಳಗಿದ್ದಳಲ್ಲ!” ಎಂದಳು.

ಶರ್ವರಿ ಆ ಕೈ ಸರಿಸಿದಳು. “ಫೋಟೋನೇ ಕರ್ಕೊಂಡ ಹೋಗ್ರಿ. ನಾ ಬರಂಗಿಲ್ಲ.”

ಅವರು ಚಹಾ ಕುಡಿಯದೆ ಎದ್ದರು. ಜಾನಕಿಬಾಯಿ ಹಣೆ ಚಚ್ಚಿಕೊಳ್ಳುವಾಗಲೇ ಅಂಗಳದಲ್ಲಿ ಬೈಕು ನಿಂತಿತು. ಧೂಳು ಮೆತ್ತಿದ ಅವಿನಾಶ, ಹಿಂದೆ ಅವನ ತಾಯಿ ದಾನಮ್ಮ.

ಬಂದ ಕಾರಣ ಕೇಳಿದ ಜಾನಕಿಬಾಯಿ ಕಣ್ಣೊರೆಸಿಕೊಂಡು ಕೆರಳಿದಳು. “ನೀವು ಲಿಂಗಾಯತರು, ನಾವು ಮರಾಠರು. ಮ್ಯಾಲ ಹುಡುಗಿ ಕಪ್ಪ. ನಿಮ್ಮ ಮನ್ಯಾಗ ಈಕಿ ನಡೀತಾಳೇನಪಾ?”

“ಅವ್ವಾರ, ಅದನ್ನ ಕೇಳಾಕ ಬಂದಿಲ್ರಿ. ನಾ ಇವರಿಗಿ ನಡೀತೇನೇನು, ಅದನ್ನ ಕೇಳಾಕ ಬಂದೇನಿ.”

ಎಲ್ಲರೂ ಶರ್ವರಿಯತ್ತ ತಿರುಗಿದರು. “ಒಳಗ ನಡಿ!” ಎಂದು ತಾಯಿ ಗದರಿದಳು.

ಶರ್ವರಿ ಹೊಸ್ತಿಲು ದಾಟಿ ಅಂಗಳಕ್ಕಿಳಿದಳು. ಔರಾದಿನ ಸುಡು ಮಧ್ಯಾಹ್ನದಲ್ಲಿ, ನೆರೆಹೊರೆಯವರೆಲ್ಲ ನೋಡುತ್ತಿರುವಾಗ, ಅವನ ಕೈ ಹಿಡಿದಳು.

“ನಡೀತೀರಿ,” ಎಂದಳು.