ಹಿನ್ನೀರಿನ ಏರಿಯ ಮೇಲೆ

ಕಾರಿನ ಕೀಲಿಯನ್ನು ಅವನು ಅವಳ ಕೈಗೆ ಕೊಟ್ಟಾಗಲೇ ಅವಳಿಗೆ ಅಳುಕು ಶುರುವಾಯಿತು. ವರ್ಷಗಟ್ಟಲೆ ಶಾಲಾ ಬಸ್ ಓಡಿಸಿದವನು ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕುಳಿತಿದ್ದ.

ಹಿಂದಿನ ವಾರ ತನ್ನ ಔಷಧಿ ಅಂಗಡಿಯ ಬಾಗಿಲೆಳೆಯುತ್ತ ಅವಳೇ ಕೇಳಿದ್ದಳು, ಮದುವೆಯಾಗೋಣವಾ ಎಂದು. ಭಾನುವಾರ ಹಕ್ಕಿ ನೋಡಲು ಹೋದಾಗ ಹೇಳುತ್ತೇನೆ ಎಂದಿದ್ದ. ಹೂಂ ಅನ್ನಲು ವಾರ ಬೇಕೇ, ಇದು ಅಡ್ಡಗೋಡೆ ಮೇಲೆ ದೀಪ ಇಟ್ಟ ಮಾತು ಎಂದು ಅಕ್ಕ ಮುಖ ಗಂಟಿಕ್ಕಿದ್ದಳು.

ಮೊದಲ ಕೆರೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಅವನು ದುರ್ಬೀನು ಹಿಡಿದು ದೂರದ ಬಾತುಗಳ ಕೊಕ್ಕಿನ ಬಣ್ಣವನ್ನೂ ಬಿಡಿಸಿ ಹೇಳಿದ. ಅವಳು ಪಕ್ಕದಿಂದ ಚಹಾದ ಲೋಟ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ, ತಿರುಗಲೂ ಇಲ್ಲ. ಕೈ ಸೋತು ಅವಳೇ ಕುಡಿದಳು.

ಮೊದಲೆಲ್ಲ ಅವಳು ಓರೆಗಣ್ಣಲ್ಲಿ ನೋಡಿದರೆ ಸಾಕು, ಅವನ ತುಟಿಯಂಚು ನಗುತ್ತಿತ್ತು. 'ಹಕ್ಕಿ ಆ ಕಡೆ ಇದೆ' ಎಂದು ಟೋಪಿ ಕೆಳಗೆಳೆದುಕೊಳ್ಳುತ್ತಿದ್ದ. ಇಂದು ಎಷ್ಟು ನೋಡಿದರೂ ಕಲ್ಲು. ಬೇಡವೆಂದು ಹೇಳಲು ಬಾಯಿ ಬಾರದೆ ಹೀಗೆ ಮಾಡುತ್ತಿದ್ದಾನೆ ಎಂದುಕೊಂಡಳು.

ಮಧ್ಯಾಹ್ನ ಕಡಲಿಗೆ ಅಂಟಿದ ಹಿನ್ನೀರಿನ ಕಿರಿದಾದ ಏರಿ ಹಿಡಿದರು. ಅವನು ಮುಂದೆ, ಅವಳು ಹಿಂದೆ. ಒಮ್ಮೆಲೇ ಬಾತುಗಳ ಹಿಂಡು ಎದ್ದಿತು. ಅವನು ತಲೆಯೆತ್ತಿ ನಡೆದ. ಏರಿ ಎಡಕ್ಕೆ ತಿರುಗಿತು, ಅವನು ತಿರುಗಲಿಲ್ಲ. ನೇರ ಹೋಗಿ ಸೊಂಟದವರೆಗೆ ಕೆಸರಿನಲ್ಲಿ ಹೂತ.

ಅವಳು ಬೋರಲಾಗಿ ಮಲಗಿ, ತನ್ನ ಶಾಲು ಎಸೆದು, ಉಸಿರು ಬಿಗಿಹಿಡಿದು ಎಳೆದಳು. ಅವನು ಮೇಲೆ ಬಂದು ಕೆಸರು ಒರೆಸಿಕೊಂಡ.

"ಅಷ್ಟು ದೊಡ್ಡ ತಿರುವು ಕಾಣ್ಲಿಲ್ವಾ?"

"ಇಲ್ಲ. ಎದುರಿಗಿರೋದು ಕಾಣುತ್ತೆ, ಪಕ್ಕದ್ದು ಕಾಣಲ್ಲ. ಕೊಳವೆಯೊಳಗಿಂದ ನೋಡಿದ ಹಾಗೆ. ಅದೂ ಸಣ್ಣದಾಗ್ತಾ ಹೋಗುತ್ತೆ ಅಂದ್ರು ಡಾಕ್ಟರು."

ಬಸ್ಸಿನ ಕೆಲಸವನ್ನು ಆಗಲೇ ಬಿಟ್ಟಿದ್ದ. ಮಕ್ಕಳ ಜೀವದ ಜೊತೆ ಆಟವಾಡಲು ಮನಸ್ಸು ಒಪ್ಪಲಿಲ್ಲವೆಂದ. ಅವಳಿಗೆ ಬೇಡ ಅನ್ನಲು ಆಗದು, ಬೇಕು ಅನ್ನಲು ಯಾವ ಮುಖ ಎಂದು ಒದ್ದಾಡಿದ್ದನಂತೆ.

ಈ ಕಾಯಿಲೆಗೆ ತನ್ನ ಅಂಗಡಿಯ ಯಾವ ಅರೆಯಲ್ಲೂ ಮದ್ದಿಲ್ಲವೆಂದು ಅವಳಿಗೆ ಗೊತ್ತಿತ್ತು. ಏರಿಯ ಮೇಲೆ ಅವನ ಪಕ್ಕ ಕುಳಿತಳು. ಶಾಲಿನ ಕೆಸರು ಹಿಂಡಿದಳು.

"ಭಯ ಆಗ್ತಿದೆ," ಎಂದಳು ಕೊನೆಗೆ.

"ನಂಗೂ."

"ಆದ್ರೆ ಬೆಳಗ್ಗೆಯಿಂದ ನೀನು ನನ್ನ ನೋಡದೆ ಇದ್ದಿದ್ದು ಬೇಡ ಅಂತಲ್ಲ ಅಂತಾದ್ರೆ, ಅರ್ಧ ಭಯ ಹೋಯ್ತು. ಉಳಿದರ್ಧ ಇಬ್ರೂ ಹಂಚ್ಕೊಳ್ಳೋಣ. ಈಗ ಉತ್ತರ ಹೇಳು."

ಅವನು ಇಡೀ ಮುಖವನ್ನೇ ಅವಳತ್ತ ತಿರುಗಿಸಿದ. ಕಣ್ಣುಗಳು ಸ್ವಲ್ಪ ತಡಕಾಡಿ ಅವಳ ಮುಖದ ಮೇಲೆ ಬಂದು ನಿಂತವು.

"ಆಗೋಣ," ಎಂದ. "ಅಲುಗಾಡ್ಬೇಡ. ಸರಿಯಾಗಿ ನೋಡ್ಕೋತೀನಿ."

ಕಡಲ ಗಾಳಿಗೆ ಕೂದಲು ಕಣ್ಣಿಗೆ ಬಿತ್ತು. ಅವಳು ಅದನ್ನು ಸರಿಸಲೂ ಕೈ ಎತ್ತಲಿಲ್ಲ.