ಊಟ ಆತ್ರಿ, ಮೇಡಂ

"ರಶ್ಮಿ?"

ಫೋನಿನೊಳಗಿಂದ ಶ್ರೀವಲ್ಲಿ ಮೇಡಂ ಕೂಗಿದರು. ಗಂಗೋತ್ರಿ ಗಂಟಲು ಸರಿಮಾಡಿಕೊಂಡಳು. ಮೈಕ್ ಒತ್ತಿ, ದನಿಯನ್ನು ಆದಷ್ಟೂ ದಪ್ಪ ಮಾಡಿ, "ಪ್ರೆಸೆಂಟ್ ಮೇಡಂ" ಅಂದಳು. ತಕ್ಷಣ ಮೈಕ್ ಆಫ್ ಮಾಡಿದಳು.

ಸದ್ಯ, ಇವತ್ತಿನದು ಮುಗಿಯಿತು.

ರಶ್ಮಿ ಅಂದರೆ ಗಂಗೋತ್ರಿಯ ಅಕ್ಕ. ಬಳ್ಳಾರಿಯಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಕಾಂ ಓದುತ್ತಿದ್ದವಳು. ಕೊರೊನಾ ಬಂತು, ಹಾಸ್ಟೆಲಿಗೆ ಬೀಗ ಬಿತ್ತು, ಟ್ರಂಕು ಹೊತ್ತುಕೊಂಡು ತೆಕ್ಕಲಕೋಟೆಯ ಮನೆಗೆ ಬಂದಳು. ಅಪ್ಪ ಅಂಜಿನಪ್ಪ ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ. ಅವನ ಕೆಲಸವೂ ನಿಂತಿತು. ಕೊನೆಗೆ ಅವ್ವನ ಜೊತೆ ಅಕ್ಕನೂ ಬತ್ತದ ನಾಟಿಗೆ ಇಳಿದಳು. ಫೋನಿನಲ್ಲಿ ಆನ್‌ಲೈನ್ ಕ್ಲಾಸು ನಡೆಯುವ ಹೊತ್ತಿಗೆ ಅವಳು ಮೊಣಕಾಲುದ್ದ ಕೆಸರಿನಲ್ಲಿ ಇರುತ್ತಿದ್ದಳು. ಅಲ್ಲಿ ಫೋನು ಹಿಡಿಯಲಾದೀತೇ?

ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂತ ಕಾಲೇಜಿನವರು ಮೊದಲೇ ಹೇಳಿದ್ದರು. ಗಂಗೋತ್ರಿಯ ಶಾಲೆಗೂ ಬೀಗವೇ. ಹೀಗಾಗಿ ಐದನೇ ಕ್ಲಾಸಿನ ಹುಡುಗಿ ದಿನಾ ಬಿ.ಕಾಂ ಕ್ಲಾಸಿನಲ್ಲಿ ಹಾಜರು. ಕ್ಲಾಸಿಗೆ ಸಾಲುವಷ್ಟು ನೆಟ್‌ವರ್ಕ್ ಸಿಗುವುದು ಮಾಳಿಗೆಯ ಮೇಲಿನ ಒಂದು ಮೂಲೆಯಲ್ಲಿ ಮಾತ್ರ. ಈ ಕಡೆಯ ಬಿಸಿಲಿಗೆ ಮುಂಜಾನೆಯೂ ಒಂದೇ, ಮಧ್ಯಾಹ್ನವೂ ಒಂದೇ. ಪಾಪ, ಅಪ್ಪನ ಹರಕು ಕೊಡೆ ಬಿಡಿಸಿಕೊಂಡು ಕೂತಿರುತ್ತಿದ್ದಳು.

ಅವತ್ತು ಕ್ಲಾಸು ಮುಗಿದು ಕೆಳಗಿಳಿಯಬೇಕು ಅನ್ನುವಷ್ಟರಲ್ಲಿ ಫೋನು ರಿಂಗಾಯಿತು. ನೋಡಿದರೆ ಶ್ರೀವಲ್ಲಿ ಮೇಡಂ. ಎತ್ತದಿದ್ದರೆ ಅನುಮಾನ ಬರುತ್ತದೆ. ಎತ್ತಿದಳು.

"ರಶ್ಮಿ, ಊಟ ಆಯ್ತೇನಮ್ಮ?"

ಅಯ್ಯೋ, ಇಷ್ಟೇನಾ. ಇದಕ್ಕೆ ಉತ್ತರ ಗಂಗೋತ್ರಿಗೆ ನಿದ್ದೆಯಲ್ಲೂ ಗೊತ್ತು. ಒಮ್ಮೆ ಪಕ್ಕದ ಮನೆಯ ಕೊಟ್ರಬಸಮ್ಮಜ್ಜಿ "ಊಟ ಆತೇನ?" ಅಂದಾಗ, "ಇಲ್ಲಜ್ಜಿ" ಅಂದು ಎರಡು ಹೋಳಿಗೆ ತಿಂದು ಬಂದಿದ್ದಳು. ಅವ್ವ ತೊಡೆ ಚಿವುಟಿದ ಗುರುತು ಎಷ್ಟೋ ದಿನ ಇತ್ತು. "ಯಾರರ ಕೇಳಿದ್ರ ಆತು ಅನಬೇಕು. ಮನಿ ಮರ್ಯಾದಿ ಕಳೀತಿಯೇನು?" ಅಂದಿದ್ದಳು ಅವ್ವ.

"ಆತ್ರಿ ಮೇಡಂ," ಅಂದಳು ಗಂಗೋತ್ರಿ. ಬೆಳಿಗ್ಗೆ ಕುಡಿದ ಕರಿ ಚಹಾ ಹೊಟ್ಟೆಯಲ್ಲಿ ಗುಳುಗುಳು ಅಂದಿತು.

"ಮನೇಲಿ ರೇಷನ್ ಎಲ್ಲಾ ಇದೆಯಾ?"

"ಐತ್ರಿ."

"ಓದೋಕೆ, ಕ್ಲಾಸಿಗೆ ಕೂರೋಕೆ ಏನಾದ್ರೂ ತೊಂದರೆ? ಸಂಕೋಚ ಮಾಡ್ಕೋಬೇಡ, ಹೇಳು."

"ಏನೂ ಇಲ್ರಿ. ಎಲ್ಲಾ ಚೊಲೋ ಐತ್ರಿ."

"ದನಿ ಯಾಕೋ ಬೇರೆ ಥರ ಇದೆಯಲ್ಲ?"

"ನೆಗಡಿ ಆಗೈತ್ರಿ."

"ಹುಷಾರಮ್ಮ. ನೀನು ಆರಾಮ ಇದ್ದೀಯಲ್ಲ, ಅಷ್ಟು ಸಾಕು," ಅಂದು ಮೇಡಂ ಫೋನ್ ಇಟ್ಟರು.

ಗಂಗೋತ್ರಿಗೆ ಹೆಮ್ಮೆಯೋ ಹೆಮ್ಮೆ. ಸಂಜೆ ಅಕ್ಕ ಬಂದಾಗ ಕಾಲು ತೊಳೆಯಲೂ ಬಿಡದೆ ಎಲ್ಲ ಹೇಳಿದಳು. ನೀರಿನಲ್ಲೇ ನೆನೆದು ಅಕ್ಕನ ಬೆರಳುಗಳು ಸುಕ್ಕಾಗಿದ್ದವು. ಅದೇ ಬೆರಳಿನಿಂದ ತಂಗಿಯ ಕೆನ್ನೆ ಹಿಂಡಿ, "ಶ್ಯಾಣ್ಯಾಕಿ ಅದೀ ಬಿಡು," ಅಂದು ನಕ್ಕಳು.

ಅಕ್ಕ ನಕ್ಕಿದ್ದನ್ನು ಗಂಗೋತ್ರಿ ನೋಡಿದ್ದು ಅವತ್ತೇ ಕೊನೆ.

ಭಾನುವಾರ ಕುರುಗೋಡಿನ ದೊಡ್ಡಬಸಮ್ಮನ ಫೋನು ಬಂತು. ಹಾಸ್ಟೆಲಿನಲ್ಲಿ ಅಕ್ಕನ ರೂಮಿನವಳು. ಸರಿಯಾಗಿ ಕೇಳಿಸಲಿ ಅಂತ ಅಕ್ಕ ಸ್ಪೀಕರ್ ಹಾಕಿದಳು.

"ಲೇ ರಶ್ಮಿ, ನಾ ಹಾಸ್ಟೆಲಿಗೆ ಬಂದೀನಿ. ನೀ ಯಾಕ ಬರಲಿಲ್ಲ?"

"ಹಾಸ್ಟೆಲ್ ಬಂದ್ ಐತೆಲ್ಲ?"

"ಇಲ್ಲಲೇ. ಮನಿಯಾಗ ತ್ರಾಸ ಇದ್ದೋರಿಗೆ ಕೆಲವು ರೂಮು ತೆಗದಾರ. ಮೂರೂ ಹೊತ್ತು ಊಟ ಐತಿ, ವೈಫೈ ಐತಿ. ಶ್ರೀವಲ್ಲಿ ಮೇಡಂ ಎಲ್ಲಾರಿಗೂ ಫೋನ್ ಮಾಡಿ ಕೇಳಿದ್ರಲ್ಲ. ನಾ ಅತ್ತಬಿಟ್ಟೆ ನೋಡು. ಮನಿಯಾಗ ಒಲಿ ಹಚ್ಚಿಲ್ರಿ ಅಂತ ಹೇಳೇಬಿಟ್ಟೆ. ನಿನಗೂ ಮಾಡಿದ್ರಲ್ಲ?"

ದೊಡ್ಡಬಸಮ್ಮನ ಮಾತು ನಿಲ್ಲಲಿಲ್ಲ.

"ನಾ ಮೇಡಮ್ಮಿಗೆ ಕೇಳಿದೆ. ರಶ್ಮಿ ಮನೇಲಿ ಎಲ್ಲಾ ಚೆನ್ನಾಗಿದೆಯಂತೆ ಅಂದ್ರು. ಈಗ ಎಲ್ಲಾ ರೂಮೂ ತುಂಬ್ಯಾವ. ಯಾಕಲೇ ಹಂಗಂದಿ?"

ಅಕ್ಕ ಫೋನು ಕಟ್ ಮಾಡಿದಳು. ಗಂಗೋತ್ರಿ ಅಲ್ಲೇ ಕೂತಿದ್ದಳು. ಬೈಯಲಿ, ಹೊಡೆಯಲಿ ಅಂತ ಕಾದಳು. ಅಕ್ಕ ಅವಳ ಕಡೆ ನೋಡಲೇ ಇಲ್ಲ.

"ಯಕ್ಕಾ, ಮೇಡಮ್ಮಿಗೆ ಫೋನ್ ಮಾಡು. ಖರೇ ಹೇಳು."

"ಏನಂತ ಹೇಳ್ಲಿ?" ಅಕ್ಕನ ದನಿ ಒಣಗಿತ್ತು. "ಅವತ್ತು ಮಾತಾಡಿದಾಕಿ ನಾನಲ್ರಿ, ನನ್ನ ತಂಗಿ ಅನ್ಲಾ? ಹಂಗಂದ್ರ ಇಷ್ಟು ದಿನ ಪ್ರೆಸೆಂಟ್ ಅಂದಾಕಿನೂ ನೀನೇ ಅಂತ ತಿಳಿತೈತಿ. ಇರೋ ಅಟೆಂಡೆನ್ಸೂ ಹೋಗ್ತೈತಿ."

ಅಕ್ಕ ಎದ್ದು, ಗೂಡಿನಲ್ಲಿದ್ದ ಪುಸ್ತಕಗಳನ್ನು ಒಂದೊಂದಾಗಿ ಟ್ರಂಕಿನೊಳಗೆ ಇಟ್ಟು ಮುಚ್ಚಳ ಹಾಕಿದಳು. ಹಾಸ್ಟೆಲಿಗೆ ಹೊರಟವರೂ ಹಾಗೇ ತುಂಬುತ್ತಾರೆ. ಆದರೆ ಅಕ್ಕ ಎಲ್ಲಿಗೂ ಹೊರಟಿರಲಿಲ್ಲ.

ಸಂಜೆ ಅವ್ವ ಹೊನ್ನೂರಮ್ಮ ಎಲ್ಲರನ್ನೂ ಊಟಕ್ಕೆ ಕರೆದಳು. ಅಪ್ಪನ ತಾಟಿಗೆ ರೊಟ್ಟಿ, ಗಂಗೋತ್ರಿಯ ತಾಟಿಗೆ ರೊಟ್ಟಿ.

"ನಿಂದು ಅವ್ವ?" ಅಂದಳು ಗಂಗೋತ್ರಿ.

"ನಂದು ಆಗಲೇ ಆತು."

"ಅಕ್ಕಂದು?"

"ನಂದೂ ಆತು," ಅಂದಳು ಗೋಡೆಗೆ ಒರಗಿದ್ದ ಅಕ್ಕ.

ಗಂಗೋತ್ರಿ ರೊಟ್ಟಿ ಬುಟ್ಟಿಯೊಳಗೆ ಇಣುಕಿದಳು. ಬಟ್ಟೆಯೊಂದೇ ಇತ್ತು. ಇವತ್ತು ಒಲೆ ಹಚ್ಚಿದ್ದೇ ಈಗ. ಹಾಗಾದರೆ ಇವರು ಉಂಡಿದ್ದು ಯಾವಾಗ? ಅವ್ವನ ಮುಖ ನೋಡಿದಳು, ಅಕ್ಕನ ಮುಖ ನೋಡಿದಳು. ಇಬ್ಬರೂ ಬೇರೆಲ್ಲೋ ನೋಡುತ್ತಿದ್ದರು. ತನ್ನ ರೊಟ್ಟಿ ಮುರಿದು ಅರ್ಧ ಅಕ್ಕನ ಮುಂದೆ ಇಟ್ಟಳು. ಅಕ್ಕ ಬೇಡ ಅನ್ನಲಿಲ್ಲ. ಗಬಗಬ ತಿಂದಳು.

ಮರುದಿನ ಬೆಳಿಗ್ಗೆ ಅಕ್ಕ, ಅವ್ವ ನಾಟಿಗೆ ಹೋದರು. ದಿನವೂ "ಅಟೆಂಡೆನ್ಸ್ ಮರೀಬ್ಯಾಡ" ಅನ್ನುತ್ತಿದ್ದ ಅಕ್ಕ ಅವತ್ತು ಏನೂ ಅನ್ನಲಿಲ್ಲ. ಫೋನು ಟ್ರಂಕಿನ ಮೇಲೆ ಬಿದ್ದಿತ್ತು.

ಗಂಗೋತ್ರಿ ಅದನ್ನು ಎತ್ತಿಕೊಂಡು ಮಾಳಿಗೆ ಹತ್ತಿದಳು. ಕೊಡೆ ಬಿಡಿಸಲಿಲ್ಲ. ದೂರದಲ್ಲಿ ಗದ್ದೆಗಳು ಕಾಣುತ್ತಿದ್ದವು. ಹೆಂಗಸರು ಸಾಲಾಗಿ ಬಗ್ಗಿದ್ದರು. ಅವರಲ್ಲಿ ಅಕ್ಕ ಯಾರು ಅಂತ ಕಣ್ಣು ಕಿರಿದು ಮಾಡಿ ಹುಡುಕಿದಳು. ಗೊತ್ತಾಗಲಿಲ್ಲ. ಎಲ್ಲರ ಬೆನ್ನುಗಳೂ ಒಂದೇ ಥರ ಇದ್ದವು.

"ರಶ್ಮಿ?" ಅಂದರು ಮೇಡಂ.

ಗಂಗೋತ್ರಿ ಮೈಕ್ ಒತ್ತಿದಳು. ಈ ಸಲ ಗಂಟಲು ಸರಿಮಾಡಿಕೊಳ್ಳಲಿಲ್ಲ.

"ರಶ್ಮಿ, ಇದ್ದೀಯೇನಮ್ಮ?"

"ಇಲ್ರಿ ಮೇಡಂ," ಅಂದಳು, ತನ್ನದೇ ಸಣ್ಣ ದನಿಯಲ್ಲಿ. "ಅಕ್ಕ ನಾಟಿಗೆ ಹೋಗ್ಯಾಳ್ರಿ. ದಿನಾ ಅಲ್ಲೇ ಇರ್ತಾಳ. ಅವತ್ತು ಫೋನಿನ್ಯಾಗ ಊಟ ಆತು ಅಂದಾಕಿ ನಾನ್ರಿ. ಆಗಿರಲಿಲ್ರಿ."

ಗಂಗೋತ್ರಿ ಮೈಕ್ ಆಫ್ ಮಾಡದೆ ಹಾಗೇ ಕೂತಳು.